ವಾಚ್‌ಲಿಸ್ಟ್ ಒಂದು ಕಡೆ, ಬೆಲೆಯ ದಫ್ತರ ಇನ್ನೊಂದು ಕಡೆ

ಶಿರಸಿಯ ಅಡಿಕೆ ಬೆಳೆಗಾರನಿಗೆ ಧಾರಣೆ ಓದುವುದನ್ನು ಯಾರೂ ಕಲಿಸಬೇಕಾಗಿಲ್ಲ. ಪತ್ರಿಕೆಯ ಮಾರುಕಟ್ಟೆ ಪುಟದಲ್ಲಿ ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು ಎಂದು ಸಾಲಾಗಿ ನಿಂತ ಅಂಕಿಗಳಲ್ಲಿ ಗರಿಷ್ಠ ಬೆಲೆಗೆ ಮರುಳಾಗಬಾರದು, ಅದು ಯಾರದೋ ಒಂದು ಒಳ್ಳೆಯ ಲಾಟಿಗೆ ಸಿಕ್ಕಿದ್ದು ಎಂದು ಅವನಿಗೆ ಗೊತ್ತು. ಕನಿಷ್ಠ ಬೆಲೆ ನೋಡಿ ಎದೆಗುಂದುವುದೂ ಇಲ್ಲ. ಅವನ ಕಣ್ಣು ಹೋಗುವುದು ಸರಾಸರಿಗೆ. ಅದನ್ನೂ ಹಿಂದಿನ ವಾರದ ಸರಾಸರಿಯ ಪಕ್ಕದಲ್ಲಿಟ್ಟು ನೋಡುತ್ತಾನೆ. ಅದೇ ಮನುಷ್ಯ ರಾತ್ರಿ ಊಟ ಮುಗಿಸಿ, ಮೊಬೈಲ್ ಹಿಡಿದು, ಆನ್‌ಲೈನ್ ಹರಾಜಿನಲ್ಲಿ ಗೇರುಸೊಪ್ಪ ಜಲಪಾತದ ಹಳೆಯ ಚಿತ್ರದ ಅಂಚೆಕಾರ್ಡಿಗೆ ಬಿಡ್ ಹಾಕುವಾಗ ಈ ವಿವೇಕವೆಲ್ಲ ಎಲ್ಲಿಗೆ ಹೋಗುತ್ತದೋ ತಿಳಿಯದು. ಹಿಂದಿನ ಬೆಲೆ ಗೊತ್ತಿಲ್ಲ, ಬರೆದಿಟ್ಟಿಲ್ಲ, ಕೇಳಿದರೆ ‘ಆಗ ಎಷ್ಟಕ್ಕೋ ಹೋಗಿತ್ತು’ ಎನ್ನುತ್ತಾನೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಳೆಯ ವಸ್ತುಗಳನ್ನು ಕೂಡಿಹಾಕುವವರು ಕಡಿಮೆಯೇನಿಲ್ಲ. ಕಾರವಾರದ ಕಡೆಯವರಿಗೆ ಗಡಿಯಾಚೆಯ ಗೋವೆಯ ಪೋರ್ಚುಗೀಸ್ ನಾಣ್ಯಗಳ ಮೇಲೆ ಕಣ್ಣು. ಘಟ್ಟದ ಮೇಲಿನವರಿಗೆ ಇಕ್ಕೇರಿಯ ವರಹ, ಹಳೆಯ ನಕ್ಷೆ, ಅಂಚೆ ಮುದ್ರೆ. ಇವೆಲ್ಲ ಈಗ ಹೆಚ್ಚಾಗಿ ಸಿಗುವುದು ಜಾಲತಾಣದ ಹರಾಜಿನಲ್ಲಿ. ಅಮೆರಿಕದ ಹರಾಜು ತಾಣ ಇಬೇ 2004ರಲ್ಲಿ ಇಲ್ಲಿನ ಬಾಝೀ ಡಾಟ್ ಕಾಮ್ ಕೊಂಡು ಭಾರತಕ್ಕೆ ಬಂದದ್ದು, ಅದರ ಭಾರತದ ತಾಣ 2017ರಲ್ಲಿ ಫ್ಲಿಪ್‌ಕಾರ್ಟ್ ಪಾಲಾಗಿ ಮರುವರ್ಷ ಬಾಗಿಲು ಹಾಕಿದ್ದು ಹಳೆಯ ಸಂಗ್ರಾಹಕರಿಗೆ ನೆನಪಿದೆ. ಆಮೇಲೆ ಉಳಿದದ್ದು ಎರಡು ದಾರಿ: ವಿದೇಶಿ ತಾಣಗಳು, ಇಲ್ಲವೇ ನಾಣ್ಯ ಮತ್ತು ಅಂಚೆಚೀಟಿಗಳ ದೇಶಿ ಹರಾಜು ಸಂಸ್ಥೆಗಳ ಸ್ವಂತ ತಾಣಗಳು. ಒಂದೊಂದರಲ್ಲಿ ಒಂದೊಂದು ನಿಯಮ, ಒಂದೊಂದು ಗಡಿಯಾರ, ಒಂದೊಂದು ನಾಣ್ಯಪದ್ಧತಿ. ಇವುಗಳನ್ನೆಲ್ಲ ಒಂದೇ ಕಡೆ ಹಿಡಿದಿಡಲು ಹರಾಜು ನಿಗಾ ತಂತ್ರಾಂಶಗಳಿವೆ. ಕೆಲವು ಮೊಬೈಲಿನವು, ಕೆಲವು ಕಂಪ್ಯೂಟರಿನವು, ಕೆಲವು ಬ್ರೌಸರಿಗೆ ಅಂಟಿಕೊಳ್ಳುವವು. ಏನೂ ಬೇಡವೆಂದರೆ ಒಂದು ಸ್ಪ್ರೆಡ್‌ಶೀಟ್ ಸಾಕು.

ಯಾವುದನ್ನೇ ಬಳಸಿ, ಅದರೊಳಗೆ ಎರಡು ಬೇರೆ ಬೇರೆ ಸಾಮಾನುಗಳಿರುತ್ತವೆ. ಒಂದು ವಾಚ್‌ಲಿಸ್ಟ್: ಇನ್ನೂ ಮುಗಿಯದ ಹರಾಜುಗಳ ಪಟ್ಟಿ. ಇನ್ನೊಂದು ಬೆಲೆ ದಾಖಲೆ: ಮುಗಿದ ಹರಾಜುಗಳ ಪಟ್ಟಿ. ಬಹಳಷ್ಟು ತಂತ್ರಾಂಶಗಳು ಎರಡನ್ನೂ ಒಂದೇ ಪರದೆಯ ಮೇಲೆ ಹಾಕಿ, ಹರಾಜು ಮುಗಿದ ಸಾಲನ್ನು ಬೂದುಬಣ್ಣಕ್ಕೆ ತಿರುಗಿಸಿ ಸುಮ್ಮನಾಗುತ್ತವೆ. ಪರದೆ ಕಿಕ್ಕಿರಿದಾಗ ನಾವು ‘ಮುಗಿದವನ್ನು ಅಳಿಸು’ ಎಂಬ ಗುಂಡಿ ಒತ್ತುತ್ತೇವೆ. ಹಾಗೆ ಒತ್ತಿದಾಗ ಹೋಗುವುದು ಕಸವಲ್ಲ, ನಮ್ಮ ಧಾರಣೆಯ ಪುಟ. ವಾಚ್‌ಲಿಸ್ಟನ್ನು ವಾರಕ್ಕೊಮ್ಮೆ ನಿರ್ದಯವಾಗಿ ಗುಡಿಸಬೇಕು. ಬೆಲೆ ದಾಖಲೆಯಿಂದ ಒಂದು ಸಾಲನ್ನೂ ಅಳಿಸಬಾರದು. ಹಾಗಾಗಿ ಎರಡಕ್ಕೂ ಬೇರೆ ಬೇರೆ ಜಾಗ ಮಾಡಿಕೊಳ್ಳುವುದು ಮೊದಲ ಕೆಲಸ.

ಹುಡುಕುವ ಪದವೇ ಅರ್ಧ ಪಟ್ಟಿ

ವಾಚ್‌ಲಿಸ್ಟಿನೊಳಗೂ ಎರಡು ಬಗೆ ಇದೆ. ಒಂದು ನಿರ್ದಿಷ್ಟ ವಸ್ತುವನ್ನು ಗುರುತು ಹಾಕಿ ಇಡುವುದು. ಇನ್ನೊಂದು ಹುಡುಕಾಟವನ್ನೇ ಉಳಿಸಿ ಇಡುವುದು; ಆ ಪದವಿರುವ ಹೊಸ ವಸ್ತು ಬಂದಾಗಲೆಲ್ಲ ತಂತ್ರಾಂಶ ಸೂಚನೆ ಕಳುಹಿಸುತ್ತದೆ. ಹೊಸಬರು ಮೊದಲನೆಯದರಲ್ಲೇ ಕಾಲ ಕಳೆಯುತ್ತಾರೆ. ಪಳಗಿದವರ ಬಂಡವಾಳ ಎರಡನೆಯದು.

ಉತ್ತರ ಕನ್ನಡದ ವಸ್ತು ಹುಡುಕುವವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಮಾರುವವನು ಲಂಡನ್ನಿನಲ್ಲೋ ಲಿಸ್ಬನ್ನಿನಲ್ಲೋ ಕುಳಿತಿರುತ್ತಾನೆ. ಕಾರ್ಡಿನ ಮೇಲೆ, ನಕ್ಷೆಯ ಮೇಲೆ ಇದ್ದ ಕಾಗುಣಿತವನ್ನೇ ಅವನು ನಕಲು ಮಾಡುತ್ತಾನೆ. ಈಸ್ಟ್ ಇಂಡಿಯಾ ಕಂಪನಿ ಕಾಲದ ಬರಹದಲ್ಲಿ ಕಾರವಾರ ಶುರುವಾಗುವುದು ಇಂಗ್ಲಿಷಿನ ‘ಸಿ’ ಅಕ್ಷರದಿಂದ. ಕ್ಯಾನರಾ ಎಂಬ ಜಿಲ್ಲೆಯ ಹೆಸರಿಗೆ ‘ಸಿ’ಯೂ ಉಂಟು, ‘ಕೆ’ಯೂ ಉಂಟು. ಹೊನ್ನಾವರ ಹಳೆಯ ನಕ್ಷೆಗಳಲ್ಲಿ ಓನೋರ್, ಭಟ್ಕಳ ಬಟಿಕಲಾ. ಕುಮಟಾ ಹತ್ತಿ ವ್ಯಾಪಾರದ ಕಾಗದಗಳಲ್ಲಿ ಕೂಮ್ಟಾ. ಆ ಬಂದರಿನಿಂದ ಹೋಗುತ್ತಿದ್ದ ಹತ್ತಿಗೆ ಅದೇ ವ್ಯಾಪಾರದ ಹೆಸರಾಗಿತ್ತು. ಜೋಗವನ್ನು ಜೋಗವೆಂದು ಹುಡುಕಿದರೆ ಹಳೆಯ ಕಾರ್ಡುಗಳಲ್ಲಿ ಬಹುಪಾಲು ತಪ್ಪಿಹೋಗುತ್ತವೆ, ಏಕೆಂದರೆ ಬ್ರಿಟಿಷರಿಗೆ ಅದು ಗೇರುಸೊಪ್ಪ ಜಲಪಾತ. ಆ ಗೇರುಸೊಪ್ಪಕ್ಕೂ ಒಂದಕ್ಕಿಂತ ಹೆಚ್ಚು ಕಾಗುಣಿತ.

ಆಡಳಿತದ ಚರಿತ್ರೆಯೂ ಹುಡುಕಾಟದೊಳಗೆ ಬರುತ್ತದೆ. ಕನ್ನಡ ಜಿಲ್ಲೆ ಮೊದಲು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಉತ್ತರ ಭಾಗ 1862ರಲ್ಲಿ ಮುಂಬಯಿ ಪ್ರೆಸಿಡೆನ್ಸಿಗೆ ಹೋಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ 1900ರ ಸುಮಾರಿನ ಕಾರವಾರದ ಲಕೋಟೆಯೊಂದು ‘ಬಾಂಬೆ’ ವಿಭಾಗದಲ್ಲಿ ಮಲಗಿರುತ್ತದೆ. ಕರ್ನಾಟಕ ಎಂಬ ಪದ ಹಾಕಿ ಹುಡುಕುವವನಿಗೆ ಅದು ಜನ್ಮದಲ್ಲಿ ಸಿಗುವುದಿಲ್ಲ. ಶಿರಸಿಯವರ ಕಷ್ಟವೇ ಬೇರೆ. ಆ ಹೆಸರಿನ ಊರು ಉತ್ತರ ಪ್ರದೇಶದಲ್ಲೂ ಇದೆ. ಸಾಲದ್ದಕ್ಕೆ ಹರಿಯಾಣದ ಸಿರ್ಸಾ ಒಂದು ಅಕ್ಷರದ ಅಂತರದಲ್ಲಿ ನಿಂತಿದೆ. ಬೇಡದ ಪದಕ್ಕೆ ಮೊದಲು ಮೈನಸ್ ಚಿಹ್ನೆ ಹಾಕಿದರೆ ಆ ಪದವಿರುವ ಫಲಿತಾಂಶವನ್ನು ಹಲವು ತಾಣಗಳು ಬಿಟ್ಟುಬಿಡುತ್ತವೆ. ಆ ಒಂದು ಗೆರೆಯಿಂದ ಎಷ್ಟೋ ಸಂಜೆಗಳು ಉಳಿಯುತ್ತವೆ.

ಪ್ರತಿ ಕಾಗುಣಿತಕ್ಕೂ ಒಂದೊಂದು ಹುಡುಕಾಟ ಉಳಿಸಿ, ಎಲ್ಲಕ್ಕೂ ಒಂದೇ ಗುಂಪಿನ ಹೆಸರು ಕೊಡಿ. ನಾಲ್ಕು ಕಾಗುಣಿತದಲ್ಲಿ ಬಂದ ಗೇರುಸೊಪ್ಪದ ಬೆಲೆಗಳೆಲ್ಲ ಮುಂದೆ ಒಂದೇ ದಾಖಲೆಯೊಳಗೆ ಬೀಳಬೇಕು.

ಗುರುತು ಹಾಕಿದ ವಸ್ತುಗಳನ್ನು ವಿಂಗಡಿಸಲು ತಂತ್ರಾಂಶಗಳು ಫೋಲ್ಡರ್, ಬಣ್ಣ, ಟ್ಯಾಗ್ ಎಂದು ಏನೇನೋ ಕೊಡುತ್ತವೆ. ಜನ ಅವುಗಳನ್ನು ವಸ್ತುವಿನ ಜಾತಿಯ ಪ್ರಕಾರ ತುಂಬುತ್ತಾರೆ: ನಾಣ್ಯ, ಕಾರ್ಡ್, ನಕ್ಷೆ. ನನ್ನ ಮಟ್ಟಿಗೆ ಅದು ವ್ಯರ್ಥ, ಚಿತ್ರ ನೋಡಿದರೆ ಜಾತಿ ಗೊತ್ತಾಗುತ್ತದೆ. ವಿಂಗಡಣೆ ನಮ್ಮ ನಿರ್ಧಾರದ ಪ್ರಕಾರ ಇರಬೇಕು. ಖಂಡಿತ ಬಿಡ್ ಹಾಕುವವು ಒಂದು ಕಡೆ. ಬೆಲೆ ಎಲ್ಲಿಗೆ ಹೋಗುತ್ತದೆ ಎಂದು ನೋಡಲಷ್ಟೇ ಇಟ್ಟುಕೊಂಡವು ಇನ್ನೊಂದು ಕಡೆ. ‘ಇವುಗಳಲ್ಲಿ ಒಂದು ಸಿಕ್ಕರೆ ಸಾಕು’ ಎನ್ನುವಂಥವು ಮತ್ತೊಂದು ಕಡೆ. ಮೂರನೆಯ ಗುಂಪಿಗೆ ಕೆಲವು ತಂತ್ರಾಂಶಗಳಲ್ಲಿ ಒಳ್ಳೆಯ ಏರ್ಪಾಡಿದೆ: ಒಂದೇ ಬಗೆಯ ಐದು ನಾಣ್ಯಗಳಿಗೆ ಸರತಿಯಲ್ಲಿ ಬಿಡ್ ಇಟ್ಟು, ಒಂದನ್ನು ಗೆದ್ದ ಕೂಡಲೇ ಉಳಿದವನ್ನು ತಾನಾಗಿ ರದ್ದು ಮಾಡುತ್ತದೆ. ಇಲ್ಲವಾದರೆ ಗೋವೆಯ ಒಂದೇ ವರ್ಷದ ಎರಡು ರೂಪಿಯಾ ಮನೆಗೆ ಬಂದು, ಮನೆಯವರಿಗೆ ಉತ್ತರ ಕೊಡಬೇಕಾಗುತ್ತದೆ.

ವಸ್ತುವನ್ನು ಪಟ್ಟಿಗೆ ಸೇರಿಸಿದ ಕ್ಷಣದಲ್ಲೇ ಪಕ್ಕದಲ್ಲಿ ನಿಮ್ಮ ಗರಿಷ್ಠ ಬೆಲೆಯನ್ನೂ ಏಕೆ ಬೇಕು ಎಂಬುದನ್ನೂ ಬರೆಯಿರಿ. ಕೊನೆಯ ಹತ್ತು ನಿಮಿಷದಲ್ಲಿ ಮನಸ್ಸು ಹೇಳುವ ಬೆಲೆ ಬೇರೆ, ಮೊದಲ ದಿನ ತಣ್ಣಗೆ ಬರೆದ ಬೆಲೆ ಬೇರೆ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ವಾಚ್‌ಲಿಸ್ಟ್ ಪೂರ್ತಿ ಗುಟ್ಟಿನದಲ್ಲ. ಇಬೇಯಂಥ ತಾಣದಲ್ಲಿ ಎಷ್ಟು ಜನ ಗುರುತು ಹಾಕಿದ್ದಾರೆ ಎಂಬ ಸಂಖ್ಯೆ ಮಾರುವವನಿಗೆ ಕಾಣುತ್ತದೆ. ನಿಗದಿತ ಬೆಲೆಯ ವಸ್ತುವಾದರೆ ಆಸಕ್ತಿ ತೋರಿದವರಿಗೆ ರಿಯಾಯಿತಿ ಕಳುಹಿಸಲು ಅವನಿಗೆ ಅವಕಾಶವೂ ಇದೆ. ನೀವು ಯಾರೆಂದು ಅವನಿಗೆ ತಿಳಿಯದು, ಆದರೆ ಬೇಡಿಕೆ ಇದೆ ಎಂದು ತಿಳಿಯುತ್ತದೆ. ಸುಮ್ಮನೆ ಕುತೂಹಲಕ್ಕೆ ನೋಡುವುದನ್ನು ತಾಣದ ಪಟ್ಟಿಗೆ ಹಾಕದೆ ನಿಮ್ಮ ಸ್ವಂತ ತಂತ್ರಾಂಶದಲ್ಲಿ ಬರೆದುಕೊಳ್ಳುವುದು ಜಾಣತನ.

ಸಮಯ ಎಂಬ ಬಲೆ

ಅಮೆರಿಕದ ಪಶ್ಚಿಮ ಕರಾವಳಿಯ ಮಾರಾಟಗಾರ ಭಾನುವಾರ ಸಂಜೆ 7 ಗಂಟೆಗೆ ಹರಾಜು ಮುಗಿಯುವಂತೆ ಇಡುತ್ತಾನೆ ಎನ್ನೋಣ. ಅವರ ಬೇಸಿಗೆಯಲ್ಲಿ ಅದು ನಮಗೆ ಸೋಮವಾರ ಬೆಳಿಗ್ಗೆ 7.30. ಚಳಿಗಾಲದಲ್ಲಿ 8.30. ಲಂಡನ್ನಿನ ರಾತ್ರಿ 8 ಗಂಟೆ ನಮಗೆ ಬೇಸಿಗೆಯಲ್ಲಿ ನಡುರಾತ್ರಿ 12.30, ಚಳಿಗಾಲದಲ್ಲಿ 1.30. ಅಮೆರಿಕದವರು ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುವುದು ಮಾರ್ಚಿನ ಎರಡನೆಯ ಭಾನುವಾರ, ಬ್ರಿಟನ್ನಿನವರು ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ಲೆಕ್ಕ ಇನ್ನೂ ಗೋಜಲು. ಭಾರತದಲ್ಲಿ ಈ ಪದ್ಧತಿ ಇಲ್ಲದ ಕಾರಣ ನಮಗೆ ಇದು ಹೊಳೆಯುವುದೇ ಇಲ್ಲ. ತಂತ್ರಾಂಶ ಒಳಗೆ ಸಮಯವನ್ನು ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯದಲ್ಲಿ ಇಟ್ಟುಕೊಂಡು, ಪರದೆಯ ಮೇಲೆ ಮಾತ್ರ ಭಾರತೀಯ ಕಾಲಮಾನಕ್ಕೆ ತಿರುಗಿಸಿ ತೋರಿಸುತ್ತದೆಯೇ ಎಂದು ನೋಡಿಕೊಳ್ಳಿ. ಸ್ಪ್ರೆಡ್‌ಶೀಟ್ ಬಳಸುವವರು ಭಾರತೀಯ ಸಮಯವನ್ನೇ, ಅದೂ 24 ಗಂಟೆಯ ಕ್ರಮದಲ್ಲಿ ಬರೆಯುವುದು ಒಳ್ಳೆಯದು. ನಡುರಾತ್ರಿಯ ಹರಾಜಿನಲ್ಲಿ ತಾರೀಖು ಒಂದು ದಿನ ಹಿಂದೆ ಮುಂದೆ ಆಗುವುದೇ ಹೆಚ್ಚು.

ಮುಗಿಯುವ ರೀತಿಯೂ ಒಂದೇ ಅಲ್ಲ. ಇಬೇಯಲ್ಲಿ ಹೇಳಿದ ಸಮಯಕ್ಕೆ ಕದ ಮುಚ್ಚುತ್ತದೆ. ಹಾಗಾಗಿ ಕೊನೆಯ ಕೆಲವು ಸೆಕೆಂಡಿನಲ್ಲಿ ಬಿಡ್ ಎಸೆಯುವ ಚಾಳಿ ಅಲ್ಲಿ ಬೆಳೆಯಿತು. ಅಮೆಜಾನ್ ಹಿಂದೆ ಹರಾಜು ನಡೆಸುತ್ತಿದ್ದಾಗ ಕೊನೆಯ ಹೊತ್ತಿನಲ್ಲಿ ಬಿಡ್ ಬಂದರೆ ಸಮಯವನ್ನೇ ಮುಂದಕ್ಕೆ ಎಳೆಯುತ್ತಿತ್ತು. ಆಲ್ವಿನ್ ರಾಥ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಈ ಎರಡನ್ನೂ ಹೋಲಿಸಿ, ಕೊನೆಯ ಕ್ಷಣದ ಬಿಡ್ ಇಬೇಯಲ್ಲಿ ಬಹಳ ಹೆಚ್ಚು ಎಂದು ತೋರಿಸಿದರು. ನಿಯಮವೇ ವರ್ತನೆಯನ್ನು ರೂಪಿಸಿತ್ತು. ಇಂದು ಹಲವು ಹರಾಜು ಸಂಸ್ಥೆಗಳ ತಾಣಗಳಲ್ಲಿ ಈ ಮುಂದಕ್ಕೆಳೆಯುವ ಕ್ರಮವೇ ಇದೆ. ಆದ್ದರಿಂದ ಪ್ರತಿ ತಾಣದ ಹೆಸರಿನ ಪಕ್ಕದಲ್ಲಿ ‘ಗಟ್ಟಿ ಮುಕ್ತಾಯ’ ಅಥವಾ ‘ಎಳೆಯುವ ಮುಕ್ತಾಯ’ ಎಂದು ಒಂದು ಕಾಲಂ ಇರಲಿ. ಎರಡನೆಯದಕ್ಕೆ ಒಂದು ನಿಮಿಷ ಮೊದಲಿನ ಅಲಾರಾಂ ಇಟ್ಟು ಪ್ರಯೋಜನವಿಲ್ಲ.

ಕೊನೆಯ ಕ್ಷಣದ ಬಿಡ್ಡನ್ನು ನಮ್ಮ ಪರವಾಗಿ ಹಾಕುವ ತಂತ್ರಾಂಶಗಳೂ ಇವೆ. ಕೆಲವು ನಮ್ಮದೇ ಕಂಪ್ಯೂಟರಿನಲ್ಲಿ ಓಡುತ್ತವೆ. ಅವಕ್ಕೆ ಆ ಹೊತ್ತಿಗೆ ಕರೆಂಟೂ ಇಂಟರ್ನೆಟ್ಟೂ ಬೇಕು. ಜುಲೈ ತಿಂಗಳಲ್ಲಿ ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಯಲ್ಲಿ ಕುಳಿತವನು ಇವೆರಡನ್ನೂ ನಂಬುವುದು ಹೇಗೆ? ಇನ್ನು ಕೆಲವು ದೂರದ ಸರ್ವರಿನಲ್ಲಿ ಓಡುತ್ತವೆ, ಆದರೆ ನಿಮ್ಮ ಖಾತೆಯ ಪಾಸ್‌ವರ್ಡ್ ಕೇಳುತ್ತವೆ. ಅಪರಿಚಿತರಿಗೆ ಬೀಗದ ಕೈ ಕೊಟ್ಟು ಬರುವುದು ನನಗೆ ಒಗ್ಗುವುದಿಲ್ಲ. ಮಳೆಗಾಲದಲ್ಲಂತೂ ಗರಿಷ್ಠ ಬೆಲೆಯನ್ನು ಮೊದಲೇ ತಾಣದಲ್ಲಿ ಬರೆದು ಮಲಗುವುದೇ ಮೇಲು. ಅದು ಹೇಗೆ ಸಾಧ್ಯ ಎಂಬುದಕ್ಕೆ ಹರಾಜಿನ ಒಳಗುಟ್ಟನ್ನು ಸ್ವಲ್ಪ ಬಿಡಿಸಬೇಕು. ಬೆಲೆ ದಾಖಲೆಯ ಅರ್ಥವೂ ಅದರಲ್ಲೇ ಅಡಗಿದೆ.

ಬರೆದ ಬೆಲೆ ಯಾರ ಬೆಲೆ?

ಅಡಿಕೆ ಟೆಂಡರಿನಲ್ಲಿ ವ್ಯಾಪಾರಿ ಲಾಟು ನೋಡಿ ತನ್ನ ದರ ನಮೂದಿಸುತ್ತಾನೆ. ಉಳಿದವರು ಏನು ನಮೂದಿಸಿದ್ದಾರೆ ಎಂದು ಅವನಿಗೆ ಕಾಣುವುದಿಲ್ಲ. ಎಲ್ಲರಿಗಿಂತ ಹೆಚ್ಚು ಬರೆದವನಿಗೆ ಮಾಲು, ಅವನು ಬರೆದದ್ದೇ ದರ. ರೈತನಿಗೆ ಒಪ್ಪಿಗೆಯಾದರೆ ಕೊಡುತ್ತಾನೆ, ಇಲ್ಲವಾದರೆ ಇಲ್ಲ. ಅಲ್ಲಿ ದಾಖಲಾದ ಅಂಕಿ ಗೆದ್ದವನ ಮನಸ್ಸಿನ ಬೆಲೆ.

ಇಬೇ ಮಾದರಿಯ ಹರಾಜು ಹಾಗಲ್ಲ. ನೀವು ನಿಮ್ಮ ಗರಿಷ್ಠ 3,000 ರೂಪಾಯಿ ಎಂದು ಬರೆಯುತ್ತೀರಿ. ತಾಣ ಅದನ್ನು ಗುಟ್ಟಾಗಿಟ್ಟು, ಎದುರಾಳಿ ಏರಿಸಿದಷ್ಟೇ ನಿಮ್ಮ ಪರವಾಗಿ ಏರಿಸುತ್ತದೆ. ಎದುರಾಳಿಯ ಗರಿಷ್ಠ 1,800 ಆಗಿದ್ದು, ಏರಿಕೆಯ ಹಂತ 50 ರೂಪಾಯಿ ಇದ್ದರೆ ವಸ್ತು ನಿಮಗೆ 1,850ಕ್ಕೆ ಸಿಗುತ್ತದೆ. ಅಂದರೆ ನೀವು ಕೊಟ್ಟದ್ದು ಎರಡನೆಯವನ ಬೆಲೆ ಮತ್ತು ಒಂದು ಹೆಜ್ಜೆ. ಅಂಚೆಚೀಟಿ ಹರಾಜುಗಳಲ್ಲಿ ದೂರದವರು ಟಪಾಲಿನಲ್ಲಿ ಬಿಡ್ ಕಳುಹಿಸುತ್ತಿದ್ದ ಕಾಲದಲ್ಲಿ, 19ನೆಯ ಶತಮಾನದ ಕೊನೆಗೇ, ಈ ಕ್ರಮ ಬಳಕೆಯಲ್ಲಿತ್ತು. ವಿಲಿಯಂ ವಿಕ್ರಿ 1961ರಲ್ಲಿ ಇದರ ಗಣಿತ ಬರೆದರು: ಎರಡನೆಯವನ ಬೆಲೆ ಕೊಡುವ ನಿಯಮವಿದ್ದರೆ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನೇ ಬರೆಯುವುದು ಲಾಭ, ಕಡಿಮೆ ಬರೆದು ಆಟ ಆಡುವುದರಿಂದ ಗಿಟ್ಟುವುದೇನಿಲ್ಲ. ಅವರಿಗೆ 1996ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮಳೆಗಾಲದಲ್ಲಿ ಮೊದಲೇ ಬೆಲೆ ಬರೆದು ಮಲಗಿ ಎಂದದ್ದು ಈ ಧೈರ್ಯದ ಮೇಲೆ.

ಆದರೆ ದಾಖಲೆ ಇಡುವವನಿಗೆ ಇದರಿಂದ ಒಂದು ತಲೆನೋವು. 1,850 ಎಂಬ ಅಂಕಿ ಗೆದ್ದವನ ಮನಸ್ಸಿನ ಬೆಲೆ ಅಲ್ಲ. ಸೋತವರಲ್ಲಿ ಮೊದಲಿಗನ ಬೆಲೆ. ಒಬ್ಬನೇ ಬಿಡ್ ಹಾಕಿದ್ದರೆ ಅದು ಯಾರ ಬೆಲೆಯೂ ಅಲ್ಲ, ಮಾರುವವನು ಇಟ್ಟ ಆರಂಭದ ಬೆಲೆ ಅಷ್ಟೇ. 500 ರೂಪಾಯಿಗೆ ಒಬ್ಬನೇ ಬಿಡ್ಡುದಾರನಿಗೆ ಹೋದ ಕಾರ್ಡೂ, ಏಳು ಜನ ಎಳೆದಾಡಿ 500 ಮುಟ್ಟಿದ ಕಾರ್ಡೂ ನಿಮ್ಮ ದಾಖಲೆಯಲ್ಲಿ ಒಂದೇ ಥರ ಕಂಡರೆ ಆ ದಾಖಲೆ ಸುಳ್ಳು ಹೇಳುತ್ತದೆ. ಮೊದಲನೆಯದರಲ್ಲಿ ಇನ್ನೊಬ್ಬ ಬಂದಿದ್ದರೆ ಬೆಲೆ ಎಲ್ಲಿಗೆ ಹೋಗುತ್ತಿತ್ತೋ ಯಾರಿಗೆ ಗೊತ್ತು. ಎರಡನೆಯದರಲ್ಲಿ 500ರ ಸುತ್ತ ಮಾರುಕಟ್ಟೆ ಗಟ್ಟಿಯಾಗಿದೆ. ಆದ್ದರಿಂದ ಮುಕ್ತಾಯದ ಬೆಲೆಯ ಜೊತೆಗೆ ಆರಂಭದ ಬೆಲೆ, ಬಿಡ್ ಹಾಕಿದ ಬೇರೆ ಬೇರೆ ಜನರ ಸಂಖ್ಯೆ, ಇವೆರಡೂ ಬೇಕೇ ಬೇಕು. ಬಿಡ್‌ಗಳ ಸಂಖ್ಯೆ ಸಾಲದು. ಇಬ್ಬರೇ ಸೇರಿ ಇಪ್ಪತ್ತು ಸಲ ಏರಿಸಿರಬಹುದು.

ಮಾರಾಟವಾಗದ್ದನ್ನೂ ಬರೆಯಬೇಕು. ಇದನ್ನು ಎಷ್ಟು ಸಲ ಹೇಳಿದರೂ ಜನ ಬಿಟ್ಟುಬಿಡುತ್ತಾರೆ. 4,000ದಿಂದ ಶುರುವಾದ ನಕ್ಷೆಗೆ ಒಬ್ಬರೂ ಕೈ ಎತ್ತಲಿಲ್ಲ ಎಂಬುದು ಬಹಳ ಬೆಲೆಬಾಳುವ ಸುದ್ದಿ. ಆ ವಾರ ಆ ತಾಣದಲ್ಲಿ ಅದರ ಬೆಲೆ 4,000ಕ್ಕಿಂತ ಕೆಳಗಿತ್ತು ಎಂದು ಅದು ಹೇಳುತ್ತದೆ. ಗೆದ್ದವನು ಹಣ ಕೊಡದೆ ಹೋಗಿ ಮತ್ತೆ ಹರಾಜಿಗೆ ಬಂದ ವಸ್ತುವಿಗೆ ಹೊಸ ಐಟಂ ಸಂಖ್ಯೆ ಸಿಗುತ್ತದೆ. ತಂತ್ರಾಂಶ ಐಟಂ ಸಂಖ್ಯೆಯನ್ನೇ ಗುರುತಾಗಿ ಹಿಡಿಯುವುದರಿಂದ ಅದೇ ಕಾರ್ಡನ್ನು ಎರಡು ಮಾರಾಟವೆಂದು ಎಣಿಸುತ್ತದೆ. ಚಿತ್ರದಲ್ಲಿನ ಕಲೆ, ಮೂಲೆಯ ಮಡಿಕೆ, ಅಂಚೆ ಮುದ್ರೆಯ ಕೋನ ಹೋಲಿಸಿ ‘ಇದು ಹಿಂದಿನದೇ’ ಎಂದು ಜೋಡಿಸುವ ಕೆಲಸ ಮನುಷ್ಯನದು. ಅದಕ್ಕಾಗಿಯೇ ಚಿತ್ರವನ್ನು ಇಳಿಸಿಕೊಂಡು ಇಡಬೇಕು, ಕೊಂಡಿ ಉಳಿಸಿದರೆ ಸಾಲದು. ಇಬೇಯ ಸಾಮಾನ್ಯ ಹುಡುಕಾಟದಲ್ಲಿ ಮುಗಿದ ಮಾರಾಟಗಳು ಕಾಣುವುದು ಸುಮಾರು 90 ದಿನ. ಆಮೇಲೆ ಕೊಂಡಿ ಒತ್ತಿದರೆ ಖಾಲಿ ಪುಟ. ಇನ್ನು ‘ಬೆಸ್ಟ್ ಆಫರ್’, ಅಂದರೆ ಕೊಳ್ಳುವವನು ಚೌಕಾಸಿ ಮಾಡಿ ಹೇಳಿದ ಬೆಲೆ, ಒಪ್ಪಿಕೊಂಡು ಮಾರಿದ ವಸ್ತುವಿನ ಪಟ್ಟಿಬೆಲೆಯ ಮೇಲೆ ಗೆರೆ ಎಳೆದು ತೋರಿಸುತ್ತಾರೆ. ನಿಜವಾಗಿ ಕೈಬದಲಾದ ಮೊತ್ತ ಅದಕ್ಕಿಂತ ಕಡಿಮೆ. ಅಂಥದ್ದನ್ನು ‘ಇಷ್ಟಕ್ಕಿಂತ ಕೆಳಗೆ’ ಎಂದೇ ಬರೆಯಬೇಕು, ಸರಾಸರಿಗೆ ಸೇರಿಸಬಾರದು.

ಸರಾಸರಿಯ ಮಾತು ಬಂತು. ಒಂದೇ ಬಗೆಯ ಐದು ಕಾರ್ಡುಗಳು 400, 450, 500, 550 ಮತ್ತು 6,000ಕ್ಕೆ ಹೋದವು ಎನ್ನಿ. ಸರಾಸರಿ 1,580. ಆ ಬೆಲೆಗೆ ಒಂದೂ ಹೋಗಿಲ್ಲ, ಅದರ ಆಸುಪಾಸಿನಲ್ಲೂ ಹೋಗಿಲ್ಲ. ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ನಿಲ್ಲುವ 500 ಹೆಚ್ಚು ನಂಬಿಕೆಗೆ ಅರ್ಹ. ಕೃಷಿ ಮಾರುಕಟ್ಟೆಗಳ ಸರ್ಕಾರಿ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠದ ಜೊತೆ ಮೂರನೆಯದಾಗಿ ಕೊಡುವುದು ಕೂಡ ಬರಿಯ ಸರಾಸರಿಯಲ್ಲ. ಹೆಚ್ಚು ಮಾಲು ಹೋದ ‘ಮಾದರಿ ದರ’. ತಂತ್ರಾಂಶದಲ್ಲಿ ಈ ನಡುವಿನ ಬೆಲೆಗೆ ‘ಮೀಡಿಯನ್’ ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿ. 6,000ದ ಕಾರ್ಡನ್ನು ಮಾತ್ರ ಬಿಡಿಸಿ ನೋಡಿ. ಅದರ ಹಿಂಬದಿಯಲ್ಲಿ ಅಪರೂಪದ ಅಂಚೆ ಮುದ್ರೆ ಇರಬಹುದು. ಆಗ ಅದು ಈ ಗುಂಪಿಗೇ ಸೇರಿದ್ದಲ್ಲ.

ವಸ್ತುವಿನ ಸ್ಥಿತಿಯನ್ನು ದಾಖಲಿಸದ ಬೆಲೆ ಅರ್ಧ ಬೆಲೆ. ನಾಣ್ಯಗಳಿಗೆ 1ರಿಂದ 70ರವರೆಗಿನ ಶೆಲ್ಡನ್ ಮಾಪಕ ಇದೆ. ಚಿತ್ರದ ಕಾರ್ಡುಗಳಿಗೆ ಅಂಥ ಒಪ್ಪಿತ ಮಾಪಕವಿಲ್ಲ. ಬಳಸಿದ್ದೋ ಇಲ್ಲವೋ, ಮೂಲೆ ಹೇಗಿದೆ, ಹಿಂಬದಿ ಇಬ್ಭಾಗವಾಗಿದೆಯೇ ಎಂದು ನಾವೇ ನಾಲ್ಕು ಪದದಲ್ಲಿ ಬರೆಯಬೇಕು. ವಿಳಾಸಕ್ಕೂ ಒಕ್ಕಣೆಗೂ ಹಿಂಬದಿಯನ್ನು ಹಂಚುವ ಪದ್ಧತಿ ಬ್ರಿಟನ್ನಿನಲ್ಲಿ 1902ರಲ್ಲಿ ಬಂತು. ಹಂಚದ ಹಿಂಬದಿಯಿದ್ದರೆ ಅದು ಹೆಚ್ಚು ಹಳೆಯದಿರುವ ಸಾಧ್ಯತೆ ಇರುವುದರಿಂದ ಬೆಲೆಯೂ ಬೇರೆ.

ಹಣದ ಲೆಕ್ಕದಲ್ಲಿ ಎರಡು ಕಾಲಂ ಬೇರೆ ಬೇರೆ ಇರಲಿ: ಸುತ್ತಿಗೆ ಬಿದ್ದ ಬೆಲೆ, ಅಂದರೆ ಹರಾಜು ನಿಂತ ಬೆಲೆ ಒಂದು, ಮನೆಗೆ ತಲುಪಿದಾಗಿನ ಬೆಲೆ ಇನ್ನೊಂದು. ಹರಾಜು ಸಂಸ್ಥೆಗಳು ಕೊಳ್ಳುವವನಿಂದ ಕಮಿಷನ್ ತೆಗೆದುಕೊಳ್ಳುತ್ತವೆ, ಅದರ ಮೇಲೆ ತೆರಿಗೆ ಇರುತ್ತದೆ. ಲೆಕ್ಕಕ್ಕೆಂದು ಕಮಿಷನ್ 20 ಪ್ರತಿಶತ, ಕಮಿಷನ್ ಮೇಲೆ ತೆರಿಗೆ 18 ಪ್ರತಿಶತ, ಅಂಚೆ ವೆಚ್ಚ 250 ಎಂದು ಹಿಡಿಯೋಣ. 10,000ಕ್ಕೆ ಗೆದ್ದ ನಾಣ್ಯ ಕೈಸೇರುವಾಗ 12,610. ತಿರುಗಿಸಿ ಕೇಳಿದರೆ, ಒಟ್ಟು 10,000 ಮೀರಬಾರದು ಎನ್ನುವವನು ಬಿಡ್ ನಿಲ್ಲಿಸಬೇಕಾದದ್ದು 7,880ರ ಹತ್ತಿರ. ಈ ತಿರುವು ಲೆಕ್ಕವನ್ನು ಒಂದು ಸೂತ್ರವಾಗಿ ಶೀಟಿನಲ್ಲಿ ಹಾಕಿಟ್ಟುಕೊಂಡರೆ ಗರಿಷ್ಠ ಬೆಲೆ ತಾನಾಗಿ ಬರುತ್ತದೆ. ವಿದೇಶದಿಂದ ತರಿಸುವಾಗ ಕಸ್ಟಮ್ಸ್ ಸುಂಕವೂ ಕೂಡುತ್ತದೆ. ಮಾರುಕಟ್ಟೆಯ ಧಾರಣೆ ಹೋಲಿಸಲು ಸುತ್ತಿಗೆಯ ಬೆಲೆ. ಮನೆಯ ಖರ್ಚು ತಿಳಿಯಲು ತಲುಪಿದ ಬೆಲೆ. ಇವೆರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. ಹಾಗೆಯೇ ಡಾಲರಿನಲ್ಲೋ ಯೂರೋದಲ್ಲೋ ನಡೆದ ಮಾರಾಟವನ್ನು ಮೂಲ ಕರೆನ್ಸಿಯಲ್ಲೇ ಬರೆದು, ಪಕ್ಕದಲ್ಲಿ ಆ ದಿನದ ವಿನಿಮಯ ದರ ಇಡಿ. ಕೆಲವು ತಂತ್ರಾಂಶಗಳು ಹಳೆಯ ಮಾರಾಟವನ್ನೂ ಇಂದಿನ ದರದಲ್ಲಿ ರೂಪಾಯಿಗೆ ತಿರುಗಿಸಿ ತೋರಿಸುತ್ತವೆ. ಹತ್ತು ವರ್ಷದ ಹಿಂದೆ ಮಾರಾಟವಾದ ನಾಣ್ಯ ತಾನು ಕದಲದೆಯೇ ದುಬಾರಿಯಾಗಿ ಕಾಣುತ್ತದೆ.

ಇನ್ನೊಂದು ಕೊರತೆ ನಮ್ಮ ಸ್ವಭಾವದ್ದು. ಗೆದ್ದದ್ದನ್ನು ಮಾತ್ರ ಬರೆದಿಡುತ್ತೇವೆ. 1971ರಲ್ಲಿ ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರುಗಳು ಸಮುದ್ರದಡಿಯ ತೈಲದ ಗುತ್ತಿಗೆ ಹರಾಜುಗಳನ್ನು ನೋಡಿ, ಗೆಲ್ಲುವವನು ಸಾಮಾನ್ಯವಾಗಿ ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನೇ ಆಗಿರುತ್ತಾನೆ, ಹಾಗಾಗಿ ಗೆಲುವೇ ಅವನಿಗೆ ಮುಳುವಾಗುತ್ತದೆ ಎಂದು ಬರೆದರು. ನಿಮ್ಮ ದಾಖಲೆಯಲ್ಲಿ ನೀವು ಗೆದ್ದವು ಮಾತ್ರ ಇದ್ದರೆ ಅದು ನಿಮ್ಮ ಅತಿ ಉತ್ಸಾಹದ ದಾಖಲೆ, ಮಾರುಕಟ್ಟೆಯದಲ್ಲ. ಸೋತದ್ದು, ಬಿಡ್ ಹಾಕದೆ ನೋಡುತ್ತಾ ಕುಳಿತದ್ದು, ಇವೇ ಹೆಚ್ಚಿರಬೇಕು.

ಅಂಕಿಗಳ ಚೇಷ್ಟೆ

ದಾಖಲೆಯನ್ನು ತಂತ್ರಾಂಶದಿಂದ ಹೊರತೆಗೆದು, ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸರಳ ಪಠ್ಯದ ಸಿಎಸ್‌ವಿ ಕಡತವಾಗಿ ಇಟ್ಟುಕೊಳ್ಳಲು ಬರಬೇಕು. ಬರದಿದ್ದರೆ ಆ ತಂತ್ರಾಂಶ ಬೇಡ, ಎಷ್ಟೇ ಚೆಂದವಿದ್ದರೂ ಬೇಡ. ಆದರೆ ಹೊರತೆಗೆದ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದಾಗ 12 ಅಂಕಿಯ ಐಟಂ ಸಂಖ್ಯೆ ‘1.23ಇ+11’ ಎಂಬಂತೆ ಕುಗ್ಗಿ ಕಾಣುತ್ತದೆ. ಕಡತವನ್ನು ಹಾಗೆಯೇ ಉಳಿಸಿದರೆ ಕುಗ್ಗಿದ ರೂಪವೇ ಗಟ್ಟಿಯಾಗುತ್ತದೆ. ಆ ಕಾಲಂ ಮೊದಲೇ ‘ಪಠ್ಯ’ ಎಂದು ನಮೂದಾಗಿರಲಿ.

ತಾರೀಖಿನದು ಹಳೆಯ ಜಗಳ. 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಜಗಳವೂ ಇಲ್ಲ, ಸಾಲುಗಳು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ಅಲ್ಪವಿರಾಮದ ಚೇಷ್ಟೆ ಇದಕ್ಕಿಂತ ದೊಡ್ಡದು, ಅದೂ ಕಾರವಾರದವರಿಗೆ ಹೆಚ್ಚು ಕಾಡುವಂಥದ್ದು. ಗೋವೆ 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಕಾರಣ ಅಲ್ಲಿನ ನಾಣ್ಯಗಳು ಯುರೋಪಿನ ಹರಾಜುಗಳಲ್ಲಿ ಬರುತ್ತಿರುತ್ತವೆ. ಪೋರ್ಚುಗಲ್, ಜರ್ಮನಿಯ ತಾಣಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಬಳಸುತ್ತಾರೆ. ಜರ್ಮನಿಯವರು ಸಾವಿರಕ್ಕೆ ಚುಕ್ಕಿ ಇಡುತ್ತಾರೆ; 1.250 ಯೂರೋ ಎಂದರೆ ಅವರಿಗೆ ಒಂದು ಸಾವಿರದ ಇನ್ನೂರೈವತ್ತು. ನಮ್ಮ ತಂತ್ರಾಂಶ ಅದನ್ನು ಒಂದೂಕಾಲು ಯೂರೋ ಎಂದು ಓದಿ, ನಾಣ್ಯ ಬಹಳ ಅಗ್ಗವೆಂದು ಹಸಿರು ಬಣ್ಣದಲ್ಲಿ ಸೂಚನೆ ಕಳುಹಿಸುತ್ತದೆ. ಹೊಸ ತಾಣವೊಂದನ್ನು ಸೇರಿಸಿದಾಗ ಮೊದಲ ಕೆಲವು ಬೆಲೆಗಳನ್ನು ಕಣ್ಣಿನಿಂದಲೇ ತಾಳೆ ನೋಡಬೇಕು.

ತಂತ್ರಾಂಶಕ್ಕೆ ಕಾನೂನೂ ಗೊತ್ತಿಲ್ಲ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ, ಶಿಲ್ಪ, ಚಿತ್ರ, ಕಲಾಕೃತಿಗಳು ಪುರಾತನ ವಸ್ತುಗಳು. ಹಸ್ತಪ್ರತಿಗಳಾದರೆ 75 ವರ್ಷಕ್ಕೇ. ಅವುಗಳನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ, ಒಳಗೆ ವ್ಯಾಪಾರ ಮಾಡಲು ಪರವಾನಗಿ ಬೇಕು. ಇಕ್ಕೇರಿ ವರಹ ಕೊಂಡವನು ಅದನ್ನು ನಾಳೆ ವಿದೇಶಿ ತಾಣದಲ್ಲಿ ಹರಾಜಿಗಿಡುವ ಆಲೋಚನೆ ಬಿಡಬೇಕು. ಬೆಲೆ ದಾಖಲೆಯ ಪ್ರತಿ ಸಾಲಿಗೂ ಮಾರಿದವನ ರಸೀದಿಯ ಪ್ರತಿ ಜೋಡಿಸಿಟ್ಟರೆ ವಸ್ತು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಇರುತ್ತದೆ.

ಕೊನೆಗೆ ಹಂಚಿಕೊಳ್ಳುವ ವಿಚಾರ. ಒಬ್ಬನ ದಾಖಲೆ ಎಷ್ಟಾದರೂ ಸಣ್ಣದು. ಶಿರಸಿಯ ಒಬ್ಬರು, ಕುಮಟೆಯ ಒಬ್ಬರು, ಕಾರವಾರದ ಇಬ್ಬರು ತಮ್ಮ ಬೆಲೆ ದಾಖಲೆಗಳನ್ನು ಒಂದೇ ಶೀಟಿನಲ್ಲಿ ಕೂಡಿಸಿದರೆ ಜಿಲ್ಲೆಯ ಹಳೆಯ ವಸ್ತುಗಳಿಗೆ ಒಂದು ನಂಬಬಹುದಾದ ಧಾರಣೆ ಸಿದ್ಧವಾಗುತ್ತದೆ. ಕಾಲಂಗಳ ಹೆಸರು, ಸ್ಥಿತಿ ಬರೆಯುವ ರೀತಿ ಮೊದಲೇ ಒಪ್ಪಿಕೊಂಡಿದ್ದರೆ ಸಾಕು. ವಾಚ್‌ಲಿಸ್ಟನ್ನು ಮಾತ್ರ ಹಂಚಬೇಡಿ. ಒಂದೇ ಗೇರುಸೊಪ್ಪದ ಕಾರ್ಡಿಗೆ ನಾಲ್ವರೂ ಕಾದಿರುತ್ತೀರಿ. ಸ್ನೇಹಿತರಿಗೆ ಶೀಟ್ ಕಳುಹಿಸುವ ಮೊದಲು ಇನ್ನೂ ಮುಗಿಯದ ಹರಾಜುಗಳ ಸಾಲು ತೆಗೆದಿದ್ದೀರಾ, ‘ನನ್ನ ಗರಿಷ್ಠ’ ಎಂಬ ಕಾಲಂ ಅಳಿಸಿದ್ದೀರಾ ಎಂದು ಎರಡು ಸಲ ನೋಡಿ. ಕಾಲಂ ಮರೆಮಾಡಿದರೆ ಸಾಲದು, ಅದನ್ನು ಮತ್ತೆ ತೆರೆಯುವ ವಿದ್ಯೆ ಅವರಿಗೂ ಗೊತ್ತಿರುತ್ತದೆ.